36ನೇ ವಾರದ ಬ್ಯಾಗು

ನಮ್ಮ ಮನೆ ಬಾಗಿಲ ಪಕ್ಕ, ಚಪ್ಪಲಿ ಸ್ಟ್ಯಾಂಡಿನ ಮೇಲೆ, ಎರಡು ವಾರದಿಂದ ಒಂದು ನೀಲಿ ಬ್ಯಾಗು ಕೂತಿದೆ. ಬಂದವರೆಲ್ಲ ಮೊದಲು ಅದನ್ನು ನೋಡುತ್ತಾರೆ, ಆಮೇಲೆ ನನ್ನ ಹೊಟ್ಟೆ ನೋಡುತ್ತಾರೆ, "ಓ, ಆಗಲೇ ರೆಡಿ ಆಗಿಬಿಟ್ಟಿದೀರಾ" ಅನ್ನುತ್ತಾರೆ. ಇದೇ ಬ್ಯಾಗನ್ನು ನಾಲ್ಕು ವರ್ಷದ ಹಿಂದೆಯೂ ತುಂಬಿದ್ದೆ. ಆಗ ತುಂಬಿದ್ದಕ್ಕೂ ಈಗ ತುಂಬಿದ್ದಕ್ಕೂ ಏನು ವ್ಯತ್ಯಾಸ ಅಂತ ಬರೆದಿಡೋಣ ಎಂದು ಕೂತಿದ್ದೇನೆ. ಕೂರುವುದೇ ಈಗೊಂದು ಕೆಲಸ. ಬೆನ್ನಿಗೊಂದು ದಿಂಬು, ತೊಡೆಯ ಕೆಳಗೊಂದು ದಿಂಬು, ಎದ್ದೇಳಲು ಯಾರಾದರೊಬ್ಬರ ಕೈ.

ಆಗಿನ ಪಟ್ಟಿ ಮೊಬೈಲಿನಿಂದ ಇಳಿಸಿಕೊಂಡದ್ದು. ಅದರ ಪ್ರಕಾರ ಸೊಂಟ ಒತ್ತಿಸಿಕೊಳ್ಳಲು ಟೆನಿಸ್ ಚೆಂಡು ಬೇಕಿತ್ತು, ಲ್ಯಾವೆಂಡರ್ ಎಣ್ಣೆ ಬೇಕಿತ್ತು, ಕೂಸಿಗೆ ಬೂಟು ಬೇಕಿತ್ತು. ನಡೆಯಲು ಇನ್ನೂ ಒಂದು ವರ್ಷ ಇರುವವರಿಗೆ ಬೂಟು! ಚೊಚ್ಚಲ ಹೆರಿಗೆ, ಹಾಗಾಗಿ ತವರು ಹಾವೇರಿಯಲ್ಲೇ ಆಗಬೇಕು. ಅವ್ವ ಕುಬಸಕ್ಕೆ ಹಸಿರು ಇಳಕಲ್ ಸೀರೆ ತಂದಿದ್ದಳು. ಕೈತುಂಬ ಹಸಿರು ಬಳೆ, ತಟ್ಟೆ ತುಂಬ ಹೋಳಿಗೆ, ಓಣಿಯ ಹೆಂಗಸರೆಲ್ಲ ಸೇರಿ ಹಾಡು. ಗಂಡೋ ಹೆಣ್ಣೋ ಎಂದು ನನ್ನ ನಡಿಗೆ ನೋಡಿ ಹೇಳುವವರಿದ್ದರು, ನಾರ್ಮಲ್ಲೋ ಸಿಸೇರಿಯನ್ನೋ ಎಂದು ಮುಖ ನೋಡಿ ಹೇಳುವವರಿದ್ದರು. ಹೆರಿಗೆಗೆ ಇಡೀ ಓಣಿಯೇ ತಯಾರಾಗಿತ್ತು. ಹೆರಿಗೆ ಆದ ಮಾರನೆಯ ದಿನ ಏನು ಅಂತ ಮಾತ್ರ ಯಾರೂ ಎತ್ತಲಿಲ್ಲ. ಹಾಲು ತಾಯಿಗೆ ಬಂದೇ ಬರುತ್ತದೆ, ಕೂಸಿಗೆ ಕುಡಿಯೋದು ಗೊತ್ತೇ ಇರುತ್ತದೆ, ಅದರಲ್ಲಿ ಕಲಿಯೋದೇನು?

ಹದಿನಾಲ್ಕು ಗಂಟೆ ನೋವು ತಿಂದು, ಕೊನೆಗೆ ರಾತ್ರಿ ಎರಡಕ್ಕೆ ಸಿಸೇರಿಯನ್ ಆಯಿತು. ಮಗನನ್ನು ಒಮ್ಮೆ ಮುಖದ ಹತ್ತಿರ ತಂದು ತೋರಿಸಿ ಒಯ್ದರು. ಮತ್ತೆ ನನ್ನ ಮಗ್ಗುಲಿಗೆ ಬಂದದ್ದು ಬೆಳಗ್ಗೆ ಏಳಕ್ಕೆ. ಅಷ್ಟರಲ್ಲಿ ಅವನಿಗೆ ಪುಡಿ ಹಾಲು ಕುಡಿಸಿಯಾಗಿತ್ತು. "ನಿಮಗಿನ್ನೂ ಹಾಲು ಬಂದಿಲ್ವಲ್ರೀ, ಅಳ್ತಿತ್ತು, ಅದಕ್ಕೆ ಕೊಟ್ವಿ" ಅಂದರು ಸಿಸ್ಟರ್. ಅವರ ದನಿಯಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ಹೊಟ್ಟೆಗೆ ಹೊಲಿಗೆ, ಕೈಗೆ ಡ್ರಿಪ್ ಇದ್ದ ನನಗೆ ಆ ಮಾತಿನಿಂದ ಅರ್ಥವಾದದ್ದು ಒಂದೇ: ನನ್ನಲ್ಲೇನೋ ಕಮ್ಮಿ ಇದೆ.

ಆಮೇಲೆ ನೋಡಲು ಬಂದವರ ಪ್ರಶ್ನೆ. ನಮ್ಮ ಕಡೆ ಹಾಲು, ನೀರು ಎಲ್ಲ ಬಹುವಚನ. "ಹಾಲು ಬಂದ್ವೇನವಾ?" ಅಂತ ಚಿಕ್ಕಮ್ಮ, "ಇನ್ನೂ ಬಂದಿಲ್ಲೇನ?" ಅಂತ ಎದುರು ಮನೆಯಾಕೆ, "ಸಾಲವಲ್ವು ಕಾಣಸ್ತೈತಿ" ಅಂತ ದೂರದ ಯಾರೋ ಅಜ್ಜಿ. ಯಾರೋ ನೆಂಟರು ದಾರಿ ತಪ್ಪಿಸಿಕೊಂಡಿದ್ದಾರೆ, ಅವರ ದಾರಿ ಕಾಯುತ್ತ ನಾನು ಬಾಗಿಲಲ್ಲಿ ನಿಂತಿದ್ದೇನೆ ಅನ್ನಿಸುತ್ತಿತ್ತು.

ಆ ದಿನ ಯಾರಾದರೂ ಕೂರಿಸಿಕೊಂಡು ಹೇಳಬೇಕಿದ್ದ ಮಾತು ಇಷ್ಟೇ. ಹಾಲು ತುಂಬಿ ಬರುವುದು ಎರಡರಿಂದ ನಾಲ್ಕನೆಯ ದಿನದ ಹೊತ್ತಿಗೆ, ಸಿಸೇರಿಯನ್ ಆದವರಲ್ಲಿ ಕೆಲವೊಮ್ಮೆ ಇನ್ನೂ ತುಸು ತಡ. ಮಾಸು ಹೊರಬಿದ್ದ ಮೇಲೆ ಪ್ರೊಜೆಸ್ಟೆರಾನ್ ಎಂಬ ಹಾರ್ಮೋನು ಇಳಿಯುತ್ತದೆ, ಆಗ ಹಾಲು ಮಾಡಿಸುವ ಹಾರ್ಮೋನು ಪ್ರೊಲ್ಯಾಕ್ಟಿನ್ ಕೆಲಸಕ್ಕೆ ನಿಲ್ಲುತ್ತದೆ. ಅಲ್ಲಿಯವರೆಗೆ ಇರುವುದು ದಪ್ಪನೆಯ, ಹಳದಿ ಬಣ್ಣದ, ಹನಿ ಹನಿ ಹಾಲು. ಮೊದಲ ದಿನ ಕೂಸಿನ ಹೊಟ್ಟೆಗೆ ಒಂದು ಸಲಕ್ಕೆ ಹಿಡಿಸುವುದೂ 5-7 ಮಿಲಿಲೀಟರ್, ಅಂದರೆ ಒಂದು ಚಮಚಕ್ಕಿಂತ ತುಸು ಹೆಚ್ಚು. ಹನಿ ಹಾಲಿಗೆ ಹನಿ ಹೊಟ್ಟೆ. ಅಲ್ಲಿ ಕೊರತೆ ಅನ್ನುವುದು ಏನೂ ಇರಲಿಲ್ಲ. ಬಾಟಲಿಯ 30 ಮಿಲಿ ಗಟಗಟ ಕುಡಿದ ಮಗ ನಾಲ್ಕು ಗಂಟೆ ಅಲುಗಾಡದೆ ಮಲಗಿದ. ಅಷ್ಟು ಹೊತ್ತು ಅವನು ನನ್ನ ಎದೆ ಚೀಪಲಿಲ್ಲ. ಚೀಪಿದರಷ್ಟೇ ಮೈಗೆ ಸುದ್ದಿ ಹೋಗುವುದು, ಸುದ್ದಿ ಹೋದರಷ್ಟೇ ಹಾಲು ಬರುವುದು. ಬರಲಿಲ್ಲ ಎಂದು ಮತ್ತೆ ಪುಡಿ ಹಾಲು. ಗಾಣ ಸುತ್ತಿದ ಹಾಗೆ.

ಈ ಹಳದಿ ಹಾಲಿನ ವಿಷಯದಲ್ಲಿ ನಮ್ಮವರ ತರ್ಕ ನನಗೆ ಇವತ್ತಿಗೂ ಬಿಡಿಸಲಾಗದ ಒಗಟು. ಹಾವೇರಿಯ ಮನೆಯಲ್ಲಿ ಎಮ್ಮೆ ಈದಿತೆಂದರೆ ಹಬ್ಬ. ಮೊದಲ ದಿನದ ಗಟ್ಟಿ ಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿದ ಗಿಣ್ಣಕ್ಕೆ ನಾವು ಮಕ್ಕಳು ಕಿತ್ತಾಡುತ್ತಿದ್ದೆವು. ಓಣಿಯಲ್ಲಿ ನಾಲ್ಕು ಮನೆಗೆ ಹಂಚದಿದ್ದರೆ ಮಾತು ಬರುತ್ತಿತ್ತು. ಅದೇ ಹೆಣ್ಣುಮಗಳ ಎದೆಯ ಗಿಣ್ಣವನ್ನು "ಕೆಟ್ಟ ಹಾಲು, ಕೂಸಿಗೆ ಜೀರ್ಣ ಆಗಂಗಿಲ್ಲ" ಎಂದು ಹಿಂಡಿ ಚೆಲ್ಲಿಸುತ್ತಿದ್ದ ಅಜ್ಜಿಯರನ್ನು ನಾನೇ ಕಂಡಿದ್ದೇನೆ. ಚೆಲ್ಲಿದ ಮೇಲೆ ಕೂಸಿನ ಬಾಯಿಗೆ ಜೇನುತುಪ್ಪ, ಸಕ್ಕರೆ ನೀರು, ತೇಯ್ದ ಬಜೆ. ಹುಟ್ಟಿದ ಒಂದು ಗಂಟೆಯೊಳಗೆ ಎದೆಗೆ ಹಾಕಿ, ಆರು ತಿಂಗಳು ಬರೀ ಎದೆಹಾಲು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ, ನಮ್ಮ ಸರ್ಕಾರ 2016ರಲ್ಲಿ ಎದೆಹಾಲಿಗಾಗಿಯೇ ‘ಮಾ’ ಎಂಬ ಕಾರ್ಯಕ್ರಮ ಮಾಡಿದ್ದೂ ಈ ಮೊದಲ ಗುಟುಕಿನ ಜಾಗಕ್ಕೆ ಬೇರೇನೂ ಬರಬಾರದು ಅಂತಲೇ. ಜೇನುತುಪ್ಪವಂತೂ ಒಂದು ವರ್ಷದವರೆಗೆ ಬೇಡವೇ ಬೇಡ. ಅದರಲ್ಲಿರಬಹುದಾದ ಬೊಟುಲಿಸಂ ಬೀಜಾಣುಗಳನ್ನು ತಡೆಯುವ ಶಕ್ತಿ ಎಳೆ ಕರುಳಿಗೆ ಇರುವುದಿಲ್ಲ.

ಮೊದಲ ಎರಡು ವಾರ ನನ್ನ ಎದೆತೊಟ್ಟು ಬಿರಿದು ರಕ್ತ ಒಸರುತ್ತಿತ್ತು. ಮಗ ಬಾಯಿ ಹಾಕುತ್ತಾನೆ ಅಂದರೆ ಕಾಲ್ಬೆರಳು ಮುದುರಿಕೊಳ್ಳುತ್ತಿದ್ದವು. "ಮೊದಮೊದಲು ಹಂಗ ಇರ್ತೈತಿ, ತಡಕೋ" ಅಂದರು ಎಲ್ಲರೂ. ತಡೆದುಕೊಂಡೆ. ಅದರ ಮದ್ದು ಕೊನೆಗೆ ಸಿಕ್ಕಿದ್ದು ಹವಾನಿಯಂತ್ರಿತ ಆಸ್ಪತ್ರೆಯಿಂದಲ್ಲ, ಹದಿನಾಲ್ಕನೆಯ ದಿನ ಕೂಸಿನ ತೂಕ ನೋಡಲು ಜೋಲಿ ತಕ್ಕಡಿ ಹಿಡಿದು ಬಂದ ಓಣಿಯ ಆಶಾ ಕಾರ್ಯಕರ್ತೆಯಿಂದ. ಬಾಣಂತಿಯ ಮನೆಗೆ 42 ದಿನದೊಳಗೆ ಹಲವು ಸಲ ಬಂದು ಹೋಗಬೇಕಾದ್ದು ಅವರ ಕೆಲಸದ ಭಾಗ. ಹಿಂದಿನ ವಾರ ಬಂದಾಗ ನಾನು ಮಲಗಿದ್ದೇನೆಂದು ಅವ್ವ ಬಾಗಿಲಿಂದಲೇ ಕಳಿಸಿದ್ದಳಂತೆ. ಆಕೆ ನಾನು ಕುಡಿಸುವುದನ್ನು ಅರೆ ನಿಮಿಷ ನೋಡಿದಳು. "ಅಕ್ಕಾರ, ನೀವು ಕೂಸಿನ ಕಡೆ ಬಗ್ಗಬ್ಯಾಡ್ರಿ. ಕೂಸನ್ನ ನಿಮ್ಮ ಕಡೆ ತಗೊಂಡು ಬರ್ರಿ" ಅಂದಳು.

ಅಷ್ಟೇ. ಗೋಡೆಗೆ ಬೆನ್ನು ಕೊಟ್ಟು ಕೂರಿಸಿದಳು. ತೊಡೆ ಮೇಲೆ ಮಡಚಿದ ಕೌದಿ ಇಟ್ಟಳು. ಕೂಸಿನ ಹೊಟ್ಟೆ ನನ್ನ ಹೊಟ್ಟೆಗೆ ತಾಗುವ ಹಾಗೆ, ಕಿವಿ, ಹೆಗಲು, ಸೊಂಟ ಒಂದೇ ಗೆರೆಯಲ್ಲಿ ಇರುವ ಹಾಗೆ ತಿರುಗಿಸಿದಳು. ಮೇಲ್ತುಟಿಗೆ ತೊಟ್ಟು ತಾಗಿಸಿ, ಆಕಳಿಸುವಷ್ಟು ದೊಡ್ಡದಾಗಿ ಬಾಯಿ ತೆರೆಯುವ ತನಕ ಕಾಯಿಸಿ, ಆಮೇಲೆ ಒಂದೇ ಸಲಕ್ಕೆ ಹತ್ತಿರ ತಂದಳು. ಬರೀ ತೊಟ್ಟಲ್ಲ, ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಹೋಗಬೇಕು, ಗದ್ದ ಎದೆಗೆ ಒತ್ತಿರಬೇಕು, ಕೆಳತುಟಿ ಹೊರಕ್ಕೆ ಮಡಚಿರಬೇಕು. ಮೊದಲ ಸಲ ನೋವಾಗಲಿಲ್ಲ. ಮಗ ನುಂಗುವ ಸದ್ದು ಕೇಳಿಸಿತು. ನಾನು ಅತ್ತೆ. ಅವ್ವ ಗಾಬರಿಯಾದಳು.

ಹತ್ತು ನಿಮಿಷದ ವಿದ್ಯೆ. ಅದಕ್ಕಾಗಿ ಎರಡು ವಾರ. ಈ ಸಲ ನಾನು ಮಾಡಿಕೊಳ್ಳುತ್ತಿರುವ ತಯಾರಿಯೆಲ್ಲ ಆ ಎರಡು ವಾರದ ಸುತ್ತಲೇ.

ಎರಡನೆಯದು ಗಂಡನ ಮನೆಯಲ್ಲಿ, ಅಂದರೆ ಬೆಂಗಳೂರಲ್ಲಿ. ಆರನೇ ತಿಂಗಳಲ್ಲೇ ಎರಡು ಆಸ್ಪತ್ರೆಗೆ ಹೋಗಿ ಪ್ರಶ್ನೆ ಕೇಳಿ ಬಂದೆ. ಒಂದು ಕಡೆ ರಿಸೆಪ್ಶನ್ನಿನ ಹುಡುಗಿ ಪ್ಯಾಕೇಜಿನ ಪುಸ್ತಿಕೆ ಬಿಡಿಸಿ, ಹೆರಿಗೆಯಾದ ಮೇಲೆ ದಂಪತಿಗೆ ಮೇಣದ ಬತ್ತಿ ಹಚ್ಚಿದ ಊಟ ಇದೆ ಅಂತ ತೋರಿಸಿದಳು. ಹೊಲಿಗೆ ಹಾಕಿಸಿಕೊಂಡು, ಪ್ಯಾಡು ಕಟ್ಟಿಕೊಂಡು, ಮೇಣದ ಬತ್ತಿ ಬೆಳಕಲ್ಲಿ ಏನು ನೋಡಿಕೊಳ್ಳೋದು? ನನ್ನ ಪ್ರಶ್ನೆಗಳು ಬೇರೆಯೇ ಇದ್ದವು. ಸಿಸೇರಿಯನ್ ಆದರೂ ಒಂದು ಗಂಟೆಯೊಳಗೆ ಮಗುವನ್ನು ನನ್ನ ಎದೆ ಮೇಲೆ ಹಾಕುತ್ತೀರಾ? ಬೆನ್ನಿಗೆ ಅರಿವಳಿಕೆ ಕೊಟ್ಟಾಗ ತಾಯಿ ಎಚ್ಚರವಾಗಿಯೇ ಇರುತ್ತಾಳೆ, ಹಾಗಾಗಿ ತಾಯಿ-ಮಗು ಚೆನ್ನಾಗಿದ್ದರೆ ಅದು ಆಗುವ ಮಾತೇ. ನನ್ನನ್ನೋ ನನ್ನ ಗಂಡನನ್ನೋ ಕೇಳದೆ ಪುಡಿ ಹಾಲು ಕೊಡುತ್ತೀರಾ? ರಾತ್ರಿ ಪಾಳಿಯಲ್ಲಿ ಹಾಲು ಕುಡಿಸಲು ಕೈ ಹಿಡಿದು ತೋರಿಸುವವರು ಯಾರು? ನಡುರಾತ್ರಿ ಆಪರೇಷನ್ ಬೇಕಾದರೆ ಅರಿವಳಿಕೆ ಡಾಕ್ಟರು ಕಟ್ಟಡದಲ್ಲೇ ಇರುತ್ತಾರಾ, ಮನೆಯಿಂದ ಬರಬೇಕಾ? ರಕ್ತ ಎಲ್ಲಿಂದ? ಹೆರಿಗೆ ಕೋಣೆಗೆ ನನ್ನ ಜೊತೆ ಒಬ್ಬರು ಬರಬಹುದಾ?

ಕೊನೆಯ ಪ್ರಶ್ನೆಗೆ ಅತ್ತೆ ನಕ್ಕರು. ಅವರ ಊರು ಪಾವಗಡದ ಕಡೆ, ಸೂಲಗಿತ್ತಿ ನರಸಮ್ಮನವರ ಸೀಮೆ. ದುಡ್ಡು ಕೇಳದೆ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದ ಆ ತಾಯಿಗೆ 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. "ಸೂಲಗಿತ್ತಿ ಬಂದ್ರೆ ಹೆತ್ತ ಮೇಲೂ ಹೋಗ್ತಿರ್ಲಿಲ್ಲ ಕಣಮ್ಮ, ಮಗೀಗೆ ನೀರು ಹುಯ್ದು, ಬಾಣಂತಿಗೆ ನೀರು ಹುಯ್ದು, ಹಾಲು ಕುಡಿಸೋದು ನೋಡೇ ಹೋಗೋಳು" ಅನ್ನುತ್ತಾರೆ ಅತ್ತೆ. ಆ ಕಾಲಕ್ಕೆ ವಾಪಸ್ ಹೋಗೋಣ ಅನ್ನುವವಳಲ್ಲ ನಾನು. ಆ ಕಾಲದಲ್ಲಿ ರಕ್ತಸ್ರಾವವಾಗಿ, ನಂಜಾಗಿ ಹೋದ ಹೆಂಗಸರ ಲೆಕ್ಕವನ್ನು ಯಾರೂ ಇಟ್ಟಿಲ್ಲ, ಅತ್ತೆಯ ಸ್ವಂತ ದೊಡ್ಡಮ್ಮನೇ ಹಾಗೆ ಹೋದವರು. ಆದರೆ ಆಸ್ಪತ್ರೆ ನಮಗೆ ಆಪರೇಷನ್ ಕೊಟ್ಟು, ಪಕ್ಕದಲ್ಲಿ ಕೂರುವವಳನ್ನು ಕಿತ್ತುಕೊಂಡಿತು. ಸರ್ಕಾರಿ ಆಸ್ಪತ್ರೆಗಳಲ್ಲೂ ಹೆರಿಗೆ ಕೋಣೆಯಲ್ಲಿ ಒಬ್ಬ ಸಂಗಾತಿ ಇರಬಹುದು ಎಂದು ಕೇಂದ್ರ ಆರೋಗ್ಯ ಇಲಾಖೆ ಹೇಳಿದ್ದು 2016ರಲ್ಲಿ. ಜೊತೆಗೊಬ್ಬರು ಕೊನೆಯವರೆಗೂ ಇದ್ದರೆ ನೋವಿನ ಹೊತ್ತು ಕಮ್ಮಿಯಾಗುತ್ತದೆ, ಸಿಸೇರಿಯನ್ ಕೂಡ ಕಮ್ಮಿಯಾಗುತ್ತದೆ ಎಂಬುದಕ್ಕೆ ಒಳ್ಳೆಯ ಆಧಾರವಿದೆ. ನಾನು ಎರಡನೆಯ ಆಸ್ಪತ್ರೆಯನ್ನು ಆರಿಸಿದ್ದು ಇದೊಂದೇ ಕಾರಣಕ್ಕೆ. ಅಲ್ಲಿ ಮೇಣದ ಬತ್ತಿ ಇಲ್ಲ.

ಹಿಂದೆ ಸಿಸೇರಿಯನ್ ಆಗಿರುವುದರಿಂದ ನನ್ನ ಲೆಕ್ಕ ಬೇರೆಯವರಿಗಿಂತ ಬೇರೆ. ಸಾಮಾನ್ಯವಾಗಿ ಐದು ನಿಮಿಷಕ್ಕೊಂದು ನೋವು, ಒಂದೊಂದೂ ಒಂದು ನಿಮಿಷ, ಹೀಗೆ ಒಂದು ಗಂಟೆ ನಡೆದರೆ ಹೊರಡಿ ಅನ್ನುತ್ತಾರೆ. ನನಗೆ ಅಷ್ಟು ಕಾಯಬೇಡಿ, ನೋವು ಶುರುವಾದ ಕೂಡಲೇ ಬನ್ನಿ ಅಂದಿದ್ದಾರೆ ಡಾಕ್ಟರು, ಹಳೆಯ ಹೊಲಿಗೆಯ ಮೇಲೆ ಕಣ್ಣಿಡಬೇಕಲ್ಲ. ತಾನಾಗಿ ನೋವು ಬಂದರೆ ನಾರ್ಮಲ್‌ಗೆ ಪ್ರಯತ್ನ ಮಾಡೋಣ, ಇಲ್ಲವಾದರೆ 39 ವಾರ ತುಂಬಿದ ಮೇಲೆ ದಿನ ಗೊತ್ತುಮಾಡೋಣ ಎಂದು ಮಾತಾಗಿದೆ. ದಿನ ಗೊತ್ತುಮಾಡುವ ಮಾತು ಕೇಳಿದ್ದೇ ತಡ, ದೊಡ್ಡಪ್ಪ ಪಂಚಾಂಗ ತೆಗೆದರು. 37ನೇ ವಾರದಲ್ಲಿ ಒಂದು ಒಳ್ಳೇ ನಕ್ಷತ್ರ ಇದೆಯಂತೆ. ದೊಡ್ಡಪ್ಪನಿಗೆ ನಾನು ಹೇಳಿದ್ದು: ಆ ಎರಡು ವಾರ ಕೂಸಿನ ಶ್ವಾಸಕೋಶಕ್ಕೆ ಬೇಕು, ನಕ್ಷತ್ರ ಸಿಕ್ಕು ಉಸಿರು ಸಿಗದಿದ್ದರೆ ಎನ್‌ಐಸಿಯು ಬಿಲ್ಲು ಪಂಚಾಂಗದವರು ಕಟ್ಟುವುದಿಲ್ಲ. ಅವರಿಗೆ ಬೇಸರವಾಗಿದೆ. ಹೋಗಲಿ.

ನೋವಿಗೆ ಕಾಯದೆಯೇ ಓಡಬೇಕಾದ ಸಂದರ್ಭಗಳನ್ನು ಗಂಡನಿಗೆ ಬಾಯಿಪಾಠ ಮಾಡಿಸಿದ್ದೇನೆ. ನೀರು ಒಡೆದರೆ, ಅದರಲ್ಲೂ ಹಸಿರು ಬಣ್ಣ ಕಂಡರೆ. ರಕ್ತ ಹೋದರೆ. ತಲೆ ಸಿಡಿಯುತ್ತ ಕಣ್ಣು ಮಂಜಾದರೆ, ಮುಖ ಬಾತರೆ, ಅದು ಬಿಪಿ ಇರಬಹುದು. ಕೂಸಿನ ಒದೆತ ಕಮ್ಮಿಯಾದರೆ. ಊಟ ಮಾಡಿ ಎಡ ಮಗ್ಗುಲಿಗೆ ಮಲಗಿ ಎಣಿಸಿದರೆ ಎರಡು ಗಂಟೆಯೊಳಗೆ ಹತ್ತು ಸಲವಾದರೂ ಅಲುಗಾಡಬೇಕು. ಇದು ನನ್ನ ನಾಲ್ಕು ವರ್ಷದ ಮಗನಿಗೆ ಆಟವಾಗಿದೆ, ಹೊಟ್ಟೆ ಮೇಲೆ ಕೈಯಿಟ್ಟು ಅವನೇ ಎಣಿಸುತ್ತಾನೆ, ಆರರ ನಂತರ ಹನ್ನೊಂದು ಅನ್ನುತ್ತಾನೆ.

ಎದೆಯ ತಯಾರಿ ಅಂತ ಬೇರೆ ಏನೂ ಬೇಡ. ಈ ಮಾತು ಕೇಳಿ ಅವ್ವನಿಗೆ ನಂಬಿಕೆ ಬರಲಿಲ್ಲ. ಎಂಟನೇ ತಿಂಗಳಿಂದ ತೊಟ್ಟನ್ನು ಒರಟು ಬಟ್ಟೆಯಿಂದ ಉಜ್ಜಿ ಗಟ್ಟಿ ಮಾಡಿಕೋ, ಎಣ್ಣೆ ಹಚ್ಚಿ ಎಳೆದು ಎಳೆದು ಉದ್ದ ಮಾಡಿಕೋ ಅನ್ನುವುದು ನಮ್ಮ ಕಡೆಯ ಉಪದೇಶ. ಉಜ್ಜಿದರೆ ಚರ್ಮ ಬಿರಿಯುವುದೇ ಲಾಭ, ಎಳೆದರೆ ಅವಧಿಗೆ ಮೊದಲೇ ನೋವು ಕೆರಳಬಹುದು. ಒಳಕ್ಕೆ ಹೋದ ತೊಟ್ಟಿದ್ದರೂ ಹೆರಿಗೆಯಾದ ಮೇಲೆ ನೋಡಿಕೊಳ್ಳಬಹುದು. ನಮ್ಮ ನರ್ಸುಗಳು ಸಿರಿಂಜಿನ ಮೂತಿ ಕತ್ತರಿಸಿ, ಹಿಡಿಯನ್ನು ಕತ್ತರಿಸಿದ ಕಡೆಯಿಂದ ತೂರಿಸಿ, ನಯವಾದ ಬದಿಯನ್ನು ಎದೆಗಿಟ್ಟು ಮೆಲ್ಲಗೆ ಎಳೆಯುವ ಉಪಾಯ ಬಲ್ಲರು. ಈ ತಿಂಗಳಲ್ಲಿ ಕೆಲವರಿಗೆ ಹನಿ ಹಾಲು ಒಸರುತ್ತದೆ, ಕೆಲವರಿಗೆ ಇಲ್ಲ. ಮುಂದೆ ಹಾಲು ಎಷ್ಟು ಬರುತ್ತದೆ ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ. ಕೈಯಿಂದ ಹಾಲು ತೆಗೆಯುವುದನ್ನು ಮಾತ್ರ ಡಾಕ್ಟರನ್ನು ಕೇಳಿಕೊಂಡು ಕಲಿಯುವವಳಿದ್ದೇನೆ. ಕೂಸು ಒಂದು ವೇಳೆ ಐಸಿಯುವಿನಲ್ಲಿದ್ದರೆ ಮೊದಲ ದಿನದ ಆ ಹನಿಗಳನ್ನು ಯಂತ್ರಕ್ಕಿಂತ ಬೆರಳೇ ಚೆನ್ನಾಗಿ ತೆಗೆಯುತ್ತದೆ. ಇದಕ್ಕೆ ‘ಹಿಂಡುವುದು’ ಅನ್ನದೆ ಬೇರೆ ಶಬ್ದ ನಮ್ಮಲ್ಲಿಲ್ಲ, ಎಮ್ಮೆಯ ನೆನಪಾಗಿ ನಗು ಬರುತ್ತದೆ.

ಇನ್ನು ಬಾಣಂತನ. ಆಸ್ಪತ್ರೆಗಿಂತ ದೊಡ್ಡ ಮಾತುಕತೆ ನಡೆದದ್ದು ಇಲ್ಲಿ, ಅದೂ ಫೋನಿನಲ್ಲಿ, ಕಂತು ಕಂತಾಗಿ, ಎರಡು ತಿಂಗಳು.

ಹೋದ ಸಲ ಅವ್ವ ಎಲ್ಲ ಪದ್ಧತಿ ಪ್ರಕಾರ ಮಾಡಿದ್ದಳು. ಹೊರಸಿನ ಕೆಳಗೆ ಕೆಂಡದ ಅಗ್ಗಿಷ್ಟಿಗೆ, ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು, ಕಿಟಕಿ ಬಂದ್. ಊಟಕ್ಕೆ ಮೂರು ಹೊತ್ತೂ ಬಿಳಿ ಅನ್ನ, ಮೆಣಸು-ಬೆಳ್ಳುಳ್ಳಿಯ ಸಾರು, ತುಪ್ಪ. ತರಕಾರಿ ಇಲ್ಲ, ಬೇಳೆ ಇಲ್ಲ, ಹಣ್ಣು ಶೀತ, ಮೊಸರು ಶೀತ. ನೀರು ಹೊಟ್ಟೆ ಬರಿಸುತ್ತದಂತೆ, ದಿನಕ್ಕೆ ಎರಡು ಲೋಟ. ಹಾಲಿನಲ್ಲಿ ಇರುವುದು ಹೆಚ್ಚುಪಾಲು ನೀರೇ ಅಲ್ಲವೇನವ್ವಾ, ಕುಡಿಯದೆ ಎಲ್ಲಿಂದ ತರಲಿ ಅಂದರೆ, "ನಿನ್ನ ಹಡದಾಗ ನಾ ಏನ್ ಸತ್ತಿದ್ನೇನು?" ಅನ್ನುವಳು.

ಈ ಸಲ ನಾನು ವಾದ ಮಾಡಲಿಲ್ಲ. ಒಂದೇ ಒಂದು ವಿಷಯ ಹೇಳಿದೆ. ನಮ್ಮದೇ ಕರ್ನಾಟಕದಲ್ಲಿ, ಎರಡು-ಮೂರು ತಿಂಗಳ ಕೂಸುಗಳು ಇದ್ದಕ್ಕಿದ್ದಂತೆ ಉಸಿರಾಟ ಜೋರಾಗಿ, ಹೃದಯ ಸೋತು ಆಸ್ಪತ್ರೆಗೆ ಬಂದದ್ದನ್ನು ಮಕ್ಕಳ ಡಾಕ್ಟರುಗಳು ಬರೆದಿಟ್ಟಿದ್ದಾರೆ. ಕಾರಣ ಥಯಾಮಿನ್, ಅಂದರೆ ಬಿ1 ಜೀವಸತ್ವದ ಕೊರತೆ. ಬಾಣಂತಿ ಪಾಲಿಶ್ ಅಕ್ಕಿಯ ಅನ್ನ ಬಿಟ್ಟು ಬೇರೇನೂ ತಿಂದಿಲ್ಲ, ಬೇಳೆ-ತರಕಾರಿ ಪಥ್ಯ, ಅನ್ನದ ಗಂಜಿಯನ್ನೂ ಬಸಿದು ಚೆಲ್ಲಿದ್ದಾರೆ. ಅವಳ ಹಾಲಿನಲ್ಲಿ ಬಿ1 ಇಲ್ಲ, ಕೂಸಿಗೆ ಅದೇ ಹಾಲೇ ಊಟ. ಥಯಾಮಿನ್ ಇಂಜೆಕ್ಷನ್ ಕೊಟ್ಟರೆ ಗಂಟೆಗಳ ಲೆಕ್ಕದಲ್ಲಿ ಚೇತರಿಸಿಕೊಳ್ಳುತ್ತವೆ, ಗುರುತಿಸದಿದ್ದರೆ ಉಳಿಯುವುದಿಲ್ಲ. ಫೋನಿನ ಆ ಕಡೆ ಸುಮಾರು ಹೊತ್ತು ಸದ್ದಿರಲಿಲ್ಲ. "ಹಂಗಾರ ಬ್ಯಾಳಿ ತಿನ್ನು" ಅಂದಳು ಅವ್ವ. ಮಾರನೆಯ ದಿನ ತಾನೇ ಫೋನ್ ಮಾಡಿ, "ಹೆಸರಬ್ಯಾಳಿ ನಡೀತೈತಲ್ಲ? ಸಬ್ಬಸಗಿ ಸೊಪ್ಪು ಹಾಕ್ತೀನಿ" ಅಂದಳು.

ಅಲ್ಲಿಂದ ಒಪ್ಪಂದ ಸುಲಭವಾಯಿತು. ಕೆಂಡ ಬೇಡ, ಮುಚ್ಚಿದ ಕೋಣೆಯಲ್ಲಿ ಹೊಗೆ ಕೂಸಿಗೂ ಕೆಟ್ಟದ್ದು. ಬಿಸಿನೀರಿನ ಚೀಲ ಆಗಬಹುದು. ಕೂಸಿನ ಮೂಗಿಗೆ, ಕಿವಿಗೆ ಎಣ್ಣೆ ಇಲ್ಲ, ಕಣ್ಣಿಗೆ ಕಾಡಿಗೆ ಇಲ್ಲ, ಕೆನ್ನೆಗೆ ದೃಷ್ಟಿಬೊಟ್ಟು ಎಷ್ಟು ದೊಡ್ಡದು ಬೇಕಾದರೂ ಇಟ್ಟುಕೊಳ್ಳಲಿ. ಅಂಟಿನುಂಡಿಗೆ ನಾನು ಎರಡು ಕೈ ಎತ್ತಿ ಹೂಂ ಅಂದೆ. ಅಂಟು, ಒಣಕೊಬ್ಬರಿ, ಉತ್ತತ್ತಿ, ಗೋಡಂಬಿ, ಬೆಲ್ಲ, ತುಪ್ಪ: ಬೆಳಗಿನ ಜಾವ ನಾಲ್ಕಕ್ಕೆ ಒಂದು ಕೈಯಲ್ಲಿ ಕೂಸು ಇರುವಾಗ ಇನ್ನೊಂದು ಕೈಗೆ ಸಿಗಬೇಕಾದ ತಿಂಡಿ ಅದಕ್ಕಿಂತ ಬೇರೆ ಯಾವುದಿದೆ? ಅಳವಿ ಪಾಯಸವೂ ಇರಲಿ. ಮೈಗೆ ಎಣ್ಣೆ ಹಚ್ಚಿ ಬಿಸಿನೀರು ಎರೆಯುವುದೂ ಇರಲಿ, ಗಾಯ ಒಣಗಿದ ಮೇಲೆ. ಹೆರಿಗೆಯಾದ ಹೆಂಗಸನ್ನು ನಲವತ್ತು ದಿನ ಮುಸುರೆ ಮುಟ್ಟಿಸದೆ ಕೂರಿಸುವ ಪದ್ಧತಿ ಯಾವ ಕಂಪನಿಯೂ ಕೊಡದ ರಜೆ. ಅದನ್ನು ಮೂಢನಂಬಿಕೆ ಅನ್ನುವವರ ಮನೆಯಲ್ಲಿ ಯಾರೂ ಹೆತ್ತಿರಲಿಕ್ಕಿಲ್ಲ.

ಮನಸ್ಸಿನ ಮಾತೂ ಒಂದಿತ್ತು. ಮೂರನೆಯ, ನಾಲ್ಕನೆಯ ದಿನ ಕಾರಣವಿಲ್ಲದೆ ಅಳು ಬರುವುದು ಬಹಳ ಮಂದಿಗೆ ಇರುವುದೇ, ಎರಡು ವಾರದೊಳಗೆ ತಾನಾಗಿ ತಿಳಿಯಾಗುತ್ತದೆ. ಹೋದ ಸಲ ನನಗೆ ತಿಳಿಯಾಗಲು ಎರಡು ತಿಂಗಳು ಬೇಕಾಯಿತು, ನಾನು ಯಾರಿಗೂ ಹೇಳಲಿಲ್ಲ. ‘ಬಾಣಂತಿ ಸನ್ನಿ’ ಎಂಬ ಶಬ್ದ ನಮ್ಮ ಅಜ್ಜಿಯರ ಬಾಯಲ್ಲೇ ಇತ್ತು, ಅಂದರೆ ಕಂಡವರೇ ಅವರು, ಆದರೆ ಮದ್ದು ದೆವ್ವ ಬಿಡಿಸುವವನ ಹತ್ತಿರ. ಈಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿಯನ್ನೂ ಕೂಸನ್ನೂ ಅಗಲಿಸದೆ ಒಟ್ಟಿಗೇ ಇಟ್ಟುಕೊಂಡು ಚಿಕಿತ್ಸೆ ಕೊಡುವ ವಾರ್ಡು 2009ರಿಂದ ಇದೆ. ಫೋನಿನಲ್ಲೇ ಮಾತಾಡಬೇಕೆಂದರೆ ಟೆಲಿ ಮಾನಸ್ 14416. ಎರಡು ವಾರ ದಾಟಿಯೂ ನಾನು ಊಟ ಬಿಟ್ಟು ಗೋಡೆ ನೋಡುತ್ತ ಕೂತರೆ ನನ್ನನ್ನು ಕೇಳುತ್ತ ಕೂರಬೇಡ, ನೀನೇ ಫೋನ್ ಮಾಡು ಎಂದು ಗಂಡನಿಗೆ ಹೇಳಿದ್ದೇನೆ.

ಅತ್ತೆ ತಮ್ಮ ಟ್ರಂಕಿನಿಂದ, ಕೂಸಿಗೆ ಹಾಲು ಕುಡಿಸುವ ಬೆಳ್ಳಿ ಒಳಲೆ ತೆಗೆದು ಹುಣಸೆಹಣ್ಣು ಹಚ್ಚಿ ಬೆಳಗಿಸಿಟ್ಟಿದ್ದಾರೆ. ನನ್ನ ಗಂಡ ಕುಡಿದದ್ದು ಅದರಲ್ಲೇ. ಒಳಲೆ ನೋಡಿದರೆ ನನಗೆ ಬಾಟಲಿ ಮಾಡಿದವರ ಮೇಲೆ ಕನಿಕರ ಬರುತ್ತದೆ. ನಿಪ್ಪಲ್ ಇಲ್ಲ, ಮೂಲೆ ಇಲ್ಲ, ಕುದಿಯುವ ನೀರಿಗೆ ಹಾಕಿ ತೆಗೆದರೆ ಮುಗಿಯಿತು, ಕೂಸಿಗೆ ರಬ್ಬರ್ ತೊಟ್ಟಿನ ರೂಢಿಯಾಗಿ ತಾಯಿಯ ಎದೆ ಒಲ್ಲೆ ಅನ್ನುವ ರಗಳೆಯೂ ಇಲ್ಲ. ಮಕ್ಕಳ ವಾರ್ಡುಗಳಲ್ಲಿ ತಿಂಗಳು ತುಂಬದ ಕೂಸುಗಳಿಗೆ ಈಗಲೂ ಇದೇ ಆಕಾರದ ಸ್ಟೀಲಿನದರಲ್ಲಿ ಕುಡಿಸುತ್ತಾರೆ. ಮೆಲ್ಲಗೆ, ಕೂಸನ್ನು ಅರೆ ಕೂರಿಸಿಕೊಂಡು, ಸುರಿಯದೆ ಕುಡಿಸಬೇಕು, ಅಷ್ಟೇ. ನಾನು ಕೆಲಸಕ್ಕೆ ಹೋಗತೊಡಗಿದ ಮೇಲೆ ಹಿಂಡಿಟ್ಟ ಹಾಲನ್ನು ಅತ್ತೆಯೇ ಕುಡಿಸುತ್ತಾರೆ: ಹೊರಗೆ 4 ಗಂಟೆ, ಬೇಸಿಗೆಯಲ್ಲಿ ಇನ್ನೂ ಕಮ್ಮಿ, ಫ್ರಿಜ್ಜಿನ ಒಳಗಡೆಯ ಮೂಲೆಯಲ್ಲಿ 4 ದಿನ.

ಕೆಲಸದ ಮಾತು ಬಂತಲ್ಲ. ಹೆರಿಗೆ ಸೌಲಭ್ಯದ ಕಾಯಿದೆಗೆ 2017ರಲ್ಲಿ ಆದ ತಿದ್ದುಪಡಿಯಿಂದ ನನಗೆ 26 ವಾರ ಸಂಬಳದ ರಜೆ ಇದೆ. ಅದರಲ್ಲಿ 8 ವಾರ ಹೆರಿಗೆಗೆ ಮೊದಲೇ ತೆಗೆದುಕೊಳ್ಳಬಹುದು, ಆದರೆ ಮುಂಚೆ ತೆಗೆದಷ್ಟೂ ಆಮೇಲೆ ಕಮ್ಮಿ. ಆರು ತಿಂಗಳು ಎದೆಹಾಲು ಅಂದರೆ ಸರಿಸುಮಾರು 26 ವಾರವೇ. ಹಾಗಾಗಿ ಕಾಲು ಊದಿಕೊಂಡರೂ ಲ್ಯಾಪ್‌ಟಾಪ್ ಮುಂದೆ ಕೂತಿದ್ದೇನೆ. ನಮ್ಮ ಮನೆಯ ಪಾತ್ರೆ ತೊಳೆಯುವಾಕೆ ತನ್ನ ಎರಡನೆಯ ಹೆರಿಗೆಯಾಗಿ ಇಪ್ಪತ್ತನೆಯ ದಿನಕ್ಕೆ ಕೆಲಸಕ್ಕೆ ಬಂದಿದ್ದಳು, ಈ ಕಾಯಿದೆ ಅವಳ ಹತ್ತಿರಕ್ಕೂ ಹಾಯುವುದಿಲ್ಲ. ಮಾತೃವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5,000 ರೂಪಾಯಿ ಬಂದಿತ್ತು. ಎರಡನೆಯದಕ್ಕೆ 6,000 ಸಿಗುವುದು ಹೆಣ್ಣಾದರೆ ಮಾತ್ರ, ಅವಳಿಗೆ ಗಂಡಾಯಿತು. ಅವಳು ಮಧ್ಯಾಹ್ನ ಸೆರಗು ಒದ್ದೆ ಮಾಡಿಕೊಂಡು ನಮ್ಮ ಸಿಂಕಿನ ಮುಂದೆ ನಿಂತಿರುತ್ತಿದ್ದಳು. ನಾನು ಆಗ ಏನೂ ಮಾಡಲಿಲ್ಲ, ಮನೆಗೆ ಬೇಗ ಹೋಗು ಅಂದೆ ಅಷ್ಟೇ. ಅದು ಈಗ ಕಾಡುತ್ತದೆ.

ಬ್ಯಾಗಿನಲ್ಲಿ ಏನಿದೆ ಎಂದು ಕೇಳಿದವರಿಗಾಗಿ: ತಾಯಿ ಕಾರ್ಡು, ಎಲ್ಲ ಸ್ಕ್ಯಾನಿಂಗು, ಆಧಾರ್, ಇನ್ಶೂರೆನ್ಸ್ ಕಾಗದ, ಎಲ್ಲದರ ಜೆರಾಕ್ಸ್. ಮುಂದೆ ಜಿಪ್ ಇರುವ ಮೂರು ನೈಟಿ, ದೊಡ್ಡ ಪ್ಯಾಡು, ಹೊಲಿಗೆಗೆ ಒತ್ತದ ಎತ್ತರ ಸೊಂಟದ ಒಳಉಡುಪು, ಒಂದು ಸೈಜು ದೊಡ್ಡ ಚಪ್ಪಲಿ. ಅಪ್ಪನ ಹಳೆಯ ಮಲ್ಲು ಪಂಚೆಯನ್ನು ಹರಿದು, ಒಗೆದು, ಬಿಸಿಲಿಗೆ ಒಣಗಿಸಿದ ಹದಿನೈದು ಬಟ್ಟೆ. ಟೊಪ್ಪಿ, ಕುಂಚಿಗೆ. ಸ್ಟ್ರಾ ಇರುವ ನೀರಿನ ಬಾಟಲಿ, ಏಕೆಂದರೆ ಆಪರೇಷನ್ ಆದ ದಿನ ತಲೆ ಎತ್ತಲಾಗುವುದಿಲ್ಲ. ಉದ್ದ ವೈರಿನ ಚಾರ್ಜರು. ಬೂಟಿಲ್ಲ.

ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿದ್ದೇನೆ, ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ. ‘ಹಾಲು ಸಾಲದು’ ಎಂದು ಯಾರಾದರೂ ಅಂದಾಗ ನೋಡಲು. ಕೂಸು ಅಳುವುದಕ್ಕೆ ಹಸಿವೊಂದೇ ಕಾರಣವಲ್ಲ. ದಿನಕ್ಕೆ ಎಂಟರಿಂದ ಹನ್ನೆರಡು ಸಲ ಕುಡಿಯುತ್ತದೆ, ರಾತ್ರಿಯೂ. ಮೊದಲ ದಿನಗಳಲ್ಲಿ ತೂಕ ತುಸು ಇಳಿಯುತ್ತದೆ, ಹತ್ತರಿಂದ ಹದಿನಾಲ್ಕು ದಿನದೊಳಗೆ ಹುಟ್ಟಿದ ತೂಕಕ್ಕೆ ಮರಳಬೇಕು. ಐದನೆಯ ದಿನದಿಂದ ದಿನಕ್ಕೆ ಆರು ಬಟ್ಟೆಯಾದರೂ ಒದ್ದೆಯಾಗಬೇಕು. ಬಟ್ಟೆ ಒದ್ದೆಯಾಗದಿದ್ದರೆ, ಎಬ್ಬಿಸಿದರೂ ಏಳದೆ ಮಂಪರಾಗಿ ಮಲಗಿದ್ದರೆ, ಕಾಮಾಲೆಯ ಹಳದಿ ಕಾಲಿನವರೆಗೆ ಇಳಿದಿದ್ದರೆ ಡಾಕ್ಟರಿಗೆ ಫೋನ್, ನಂಬರು ಕೆಳಗಿದೆ. ಆಗ ಪುಡಿ ಹಾಲು ಬೇಕೆಂದರೆ ಅದೂ ಔಷಧಿಯ ಹಾಗೆಯೇ, ಅವಮಾನವೇನಲ್ಲ. ಹಾಲು ಕುಡಿಸುವಾಗ ಕೋಣೆಯಲ್ಲಿ ನೆಂಟರಿರುವ ಹಾಗಿಲ್ಲ. ಬಟ್ಟೆ, ತೇಗಿಸುವುದು, ರಾತ್ರಿಯ ಎರಡನೆಯ ಪಾಳಿ: ಗಂಡ.

ನಿನ್ನೆ ಬೆಳಗ್ಗೆ ರೈಲಿಳಿದು ಅವ್ವ ಬಂದಳು. ಎರಡು ಕೌದಿ, ಒಂದು ಡಬ್ಬಿ ಅಂಟಿನುಂಡಿ, ಅಳವಿಯ ಪೊಟ್ಟಣ, ಮಂಡಿಗೆ ಹಚ್ಚಿಕೊಳ್ಳುವ ತನ್ನ ಎಣ್ಣೆ. ಕೈಕಾಲು ತೊಳೆದುಕೊಂಡು, ಚಹಾ ಲೋಟ ಹಿಡಿದು ಫ್ರಿಜ್ಜಿನ ಮುಂದೆ ನಿಂತು, ಕನ್ನಡಕ ಏರಿಸಿ ಪೂರ್ತಿ ಹಾಳೆ ಓದಿದಳು. ನಾನು ಜಗಳಕ್ಕೆ ತಯಾರಾಗಿ ನಿಂತಿದ್ದೆ.

"ಎಲ್ಲಾ ಛಲೋ ಬರದಿ" ಅಂದಳು. "ನಾ ಯಾವಾಗ ಮಲಗೋದು ಅಂತ ಎಲ್ಲೂ ಬರದಿಲ್ಲಲ್ಲ."

ಪೆನ್ನು ತಂದು ಕೊಟ್ಟೆ. ಹಾಳೆಯ ಕೆಳಗೆ ಜಾಗ ಕಮ್ಮಿ ಇತ್ತು. ಡಾಕ್ಟರ ನಂಬರಿನ ಪಕ್ಕ ಸಣ್ಣದಾಗಿ ಬರೆದಳು: ಮಧ್ಯಾಹ್ನ ಎರಡರಿಂದ ನಾಲ್ಕು, ಅವ್ವ ಮಲಗತಾಳ.